ಪಿಎಚ್‌ಡಿ ವೈವಾ (ಮೌಖಿಕ ಪರೀಕ್ಷೆ) ದಿನ ಗೊತ್ತಾಗಿದೆ. ತಯಾರಿ ಎಲ್ಲಿಂದ ಶುರು ಮಾಡಲಿ?

ಮಾನ್ವಿ ಸಂಶೋಧಕ

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ನೀರು ಬಂದ ವರ್ಷ ಏನು ಬೆಳೆಯುತ್ತಾರೆ, ಬರದ ವರ್ಷ ಸಾಲ ಹೇಗೆ ನಿಭಾಯಿಸುತ್ತಾರೆ ಅನ್ನೋದು ನನ್ನ ವಿಷಯ. ಥೀಸಿಸ್ ಇಂಗ್ಲಿಷ್‌ನಲ್ಲಿದೆ. ಇಬ್ಬರು ಎಕ್ಸ್‌ಟರ್ನಲ್‌ಗಳ (ಹೊರಗಿನ ಪರೀಕ್ಷಕರ) ರಿಪೋರ್ಟೂ ಬಂದಿವೆ. ಇಬ್ಬರೂ ಪದವಿ ಕೊಡಬಹುದು ಎಂದಿದ್ದಾರೆ. ಮುಂದಿನ ತಿಂಗಳು ವೈವಾ.

ರಿಪೋರ್ಟಿನಲ್ಲಿ ನಾಲ್ಕು ಪ್ರಶ್ನೆ ಇವೆ. ಮಾನ್ವಿ, ಸಿರವಾರ ತಾಲ್ಲೂಕಿನ ಊರುಗಳನ್ನು ಮಾತ್ರ ನೋಡಿ ‘ಕೊನೆಭಾಗಕ್ಕೆ ಅನ್ಯಾಯ’ ಎಂದು ಹೇಗೆ ಹೇಳುತ್ತೀರಿ, ಕಾಲುವೆಯ ಮೇಲ್ಭಾಗದ ಗಂಗಾವತಿ ಕಡೆಯ ಊರು ಒಂದೂ ಇಲ್ಲವಲ್ಲ ಅನ್ನೋದು ಮೊದಲನೆಯದು. ಸಮೀಕ್ಷೆಗೆ 400 ಕುಟುಂಬ ಎಂಬ ಲೆಕ್ಕ ಎಲ್ಲಿಂದ ಬಂತು ಅನ್ನೋದು ಇನ್ನೊಂದು. ತಾಲ್ಲೂಕುವಾರು ಕೋಷ್ಟಕದಲ್ಲಿ ಮಾನ್ವಿಯ ಬಿತ್ತನೆ ಪ್ರದೇಶ ಒಂದು ವರ್ಷ ದಿಢೀರ್ ಅಂತ ಇಳಿದಿದೆ, ವಿವರಣೆ ಬೇಕು ಎಂದಿದ್ದಾರೆ. ಕೊನೆಗೆ, ಸಲಹೆಗಳ ಅಧ್ಯಾಯ ತೀರಾ ಸಾಮಾನ್ಯವಾಗಿದೆಯಂತೆ.

ನಾನು ಅತಿಥಿ ಉಪನ್ಯಾಸಕ. ಹಗಲು ಕ್ಲಾಸು, ರಾತ್ರಿ ಮಾತ್ರ ಬಿಡುವು. ಓದಿದ ಪುಸ್ತಕಗಳನ್ನೆಲ್ಲ ಮತ್ತೆ ಓದಬೇಕಾ? ಇಂಗ್ಲಿಷ್‌ನಲ್ಲಿ ನಿರರ್ಗಳವಾಗಿ ಮಾತಾಡೋದು ಕಷ್ಟ. ವೈವಾ ಮುಗಿಸಿದವರು, ವೈವಾ ನಡೆಸಿದವರು ದಯವಿಟ್ಟು ತಿಳಿಸಿ.

ಬಳ್ಳಾರಿ ಮೇಷ್ಟ್ರು

ತಮ್ಮಾ, ಇಬ್ಬರ ರಿಪೋರ್ಟೂ ಪರವಾಗಿ ಬಂದಿವೆ ಎಂದರೆ ದೊಡ್ಡ ಗಂಡಾಂತರ ದಾಟಿದೆ. ನಾನು ನಿವೃತ್ತ ಗೈಡ್. ಬೇರೆ ಬೇರೆ ಕಡೆ ಎಕ್ಸ್‌ಟರ್ನಲ್ ಆಗಿಯೂ ಕೂತಿದ್ದೇನೆ. ನೀವು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಪುಸ್ತಕ ಅಲ್ಲ, ಆ ಎರಡು ರಿಪೋರ್ಟು.

ನಿಯಮ ಏನು ಹೇಳುತ್ತದೆ ಅಂತ ತಿಳಿದುಕೊಂಡರೆ ಭಯ ಕಡಿಮೆ ಆಗುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮದ ಪ್ರಕಾರ ಥೀಸಿಸ್ ಅನ್ನು ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡಬೇಕು. ಅವರು ಒಪ್ಪಿದ ಮೇಲೇ ವೈವಾ. ವೈವಾ ಮಂಡಳಿಯಲ್ಲಿ ಗೈಡ್ ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಇರಬೇಕು. ಆನ್‌ಲೈನ್‌ನಲ್ಲೂ ನಡೆಸಬಹುದು. ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಉಳಿದ ವಿದ್ಯಾರ್ಥಿಗಳು ಬಂದು ಕೂರಬಹುದು. ಥೀಸಿಸ್ ಕೊಟ್ಟ 6 ತಿಂಗಳೊಳಗೆ ವೈವಾ ಸೇರಿ ಎಲ್ಲ ಮುಗಿಯಬೇಕು ಎಂದೂ ಇದೆ. ನಿಮ್ಮ ರಿಜಿಸ್ಟ್ರೇಷನ್ 2022ಕ್ಕಿಂತ ಹಿಂದಿನದಾದರೆ ಹಳೆ ನಿಯಮ ಅನ್ವಯಿಸುತ್ತದೆ. ಅದನ್ನು ವಿಭಾಗದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಈಗ ಕೆಲಸಕ್ಕೆ ಬನ್ನಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ರಿಪೋರ್ಟಿನ ವಾಕ್ಯವನ್ನು ಅವರು ಬರೆದ ಹಾಗೇ ಇಳಿಸಿ. ‘ಪರೀಕ್ಷಕರು ಮಾದರಿ ಬಗ್ಗೆ ಕೇಳಿದ್ದಾರೆ’ ಅಂತ ಸಾರಾಂಶ ಬೇಡ. ಅವರು ಕೇಳಿದ ಮಾತಿಗೂ ನಾವು ನೆನಪಿಟ್ಟುಕೊಂಡ ಮಾತಿಗೂ ಬಹಳ ಸಲ ವ್ಯತ್ಯಾಸ ಇರುತ್ತದೆ. ಬಲಪುಟದಲ್ಲಿ ನಿಮ್ಮ ಉತ್ತರ, ಪಕ್ಕದಲ್ಲಿ ಥೀಸಿಸ್‌ನ ಪುಟ ಸಂಖ್ಯೆ, ಕೋಷ್ಟಕ ಸಂಖ್ಯೆ. ಉತ್ತರ ನಾಲ್ಕೈದು ವಾಕ್ಯ ಸಾಕು.

ಆಮೇಲೆ ನಿಮ್ಮ ಥೀಸಿಸ್ ಅನ್ನೇ ಮೊದಲ ಪುಟದಿಂದ ಪೆನ್ಸಿಲ್ ಹಿಡಿದು ಓದಿ. ಬರೆದು ಕೊಟ್ಟು ತಿಂಗಳುಗಳಾಗಿರುತ್ತವೆ. ಕೆಲವು ಪುಟ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ಅದು ಸಹಜ. ಒಂದೊಂದು ಹೈಪಾಥಿಸಿಸ್ ಮುಂದೆಯೂ ಅದನ್ನು ಯಾವ ಕೋಷ್ಟಕ ಪರೀಕ್ಷಿಸುತ್ತದೆ, ಯಾವ ಪುಟದಲ್ಲಿ ತೀರ್ಮಾನ ಇದೆ ಅಂತ ಬರೆದಿಡಿ. ‘ನಿಮ್ಮ ಎರಡನೇ ಉದ್ದೇಶಕ್ಕೆ ಉತ್ತರ ಎಲ್ಲಿದೆ, ತೆಗೆದು ತೋರಿಸಿ’ ಎಂದು ನಾನು ತಪ್ಪದೆ ಕೇಳುತ್ತಿದ್ದೆ. ಪುಟ ತೆಗೆದು ಬೆರಳಿಟ್ಟು ತೋರಿಸಿದವರಿಗೆ ಮುಂದಿನ ಪ್ರಶ್ನೆ ಮೆತ್ತಗೆ ಬರುತ್ತಿತ್ತು. ಇದು ನೀವೇ ಮಾಡಿದ ಕೆಲಸ ಎಂದು ಪರೀಕ್ಷಕರಿಗೆ ಗೊತ್ತಾಗಬೇಕು. ವೈವಾ ಇರೋದೇ ಅದಕ್ಕೆ.

ಪುಸ್ತಕಗಳನ್ನೆಲ್ಲ ಮತ್ತೆ ಓದಬೇಡಿ. ನಿಮ್ಮ ವಾದ ಯಾರ ಮೇಲೆ ನಿಂತಿದೆಯೋ ಅಂಥ ನಾಲ್ಕೈದು ಕೃತಿ ಮಾತ್ರ ತಿರುವಿ ಹಾಕಿ.

ರಾಯಚೂರು ಅಂಕಿಅಂಶ

ಮೇಷ್ಟ್ರು ಹೇಳಿದ್ದು ಸರಿ. ನಾನು ಕೋಷ್ಟಕದ ಪ್ರಶ್ನೆಗೆ ಬರುತ್ತೇನೆ. ನಮ್ಮ ಮೂರು ಜಿಲ್ಲೆಯ ಮೇಲೆ ಕೆಲಸ ಮಾಡುವ ಎಲ್ಲರಿಗೂ ಈ ಪ್ರಶ್ನೆ ಬಂದೇ ಬರುತ್ತದೆ.

ಮಾನ್ವಿಯ ಪ್ರದೇಶ ಇಳಿದಿದ್ದಕ್ಕೆ ಬೆಳೆ ಕಾರಣ ಇರಲಿಕ್ಕಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಗೆ ಐದೇ ತಾಲ್ಲೂಕು: ರಾಯಚೂರು, ಮಾನ್ವಿ, ಸಿಂಧನೂರು, ಲಿಂಗಸುಗೂರು, ದೇವದುರ್ಗ. ಸಿರವಾರ, ಮಸ್ಕಿ ತಾಲ್ಲೂಕುಗಳು ಆಮೇಲೆ ಬಂದವು. ಸಿರವಾರ ಮೊದಲು ಮಾನ್ವಿ ತಾಲ್ಲೂಕಿನಲ್ಲೇ ಇತ್ತು. ಅದು ಬೇರೆ ಆದ ವರ್ಷದಿಂದ ಮಾನ್ವಿಯ ಲೆಕ್ಕ ಇಳಿಯಲೇಬೇಕಲ್ವಾ? ನಿಮ್ಮ ಕೋಷ್ಟಕದಲ್ಲಿ ಇಳಿದ ವರ್ಷ ಅದೇನಾ ನೋಡಿ. ಹೌದಾದರೆ ಎರಡೂ ತಾಲ್ಲೂಕು ಕೂಡಿಸಿ ಒಂದು ಸಾಲು ಹಾಕಿದ ಹೊಸ ಕೋಷ್ಟಕ ಮಾಡಿ, ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ವೈವಾಗೆ ಒಯ್ಯಿರಿ.

ಜಿಲ್ಲಾವಾರು ಲೆಕ್ಕದಲ್ಲಿ ಇದು ಇನ್ನೂ ದೊಡ್ಡ ತೊಡಕು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚಿನ ‘ರಾಯಚೂರು ಜಿಲ್ಲೆ’ ಅಂದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಸೇರಿ. ವಿಜಯನಗರ ಜಿಲ್ಲೆ 2021ರಲ್ಲಿ ಆಯಿತು. ಹಾಗಾಗಿ ಹಳೆಯ ‘ಬಳ್ಳಾರಿ ಜಿಲ್ಲೆ’ ಅಂಕಿಯಲ್ಲಿ ಹೊಸಪೇಟೆ, ಹೂವಿನಹಡಗಲಿ, ಕೂಡ್ಲಿಗಿ ಇವೆ, ಈಗಿನದರಲ್ಲಿ ಇಲ್ಲ. ಹರಪನಹಳ್ಳಿ ಅಂತೂ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. 1991, 2001, 2011 ಅಂತ ಸಾಲಾಗಿ ಅಂಕಿ ಹಾಕಿ ಬೆಳವಣಿಗೆ ದರ ತೆಗೆದವರು ಇದನ್ನು ನೋಡಿಕೊಳ್ಳಲೇಬೇಕು.

400ರ ವಿಷಯ. ಎಷ್ಟು ಜನರನ್ನು ಕೇಳಿದರೆ ಸಾಕು ಎಂದು ಲೆಕ್ಕ ಹಾಕುವ ಯಮಾನೆ ಸೂತ್ರವನ್ನು ನೀವು ಬಳಸಿರಬೇಕು. ಒಟ್ಟು ಸಂಖ್ಯೆಯನ್ನು, ‘ಒಂದು ಕೂಡಿಸು ಒಟ್ಟು ಸಂಖ್ಯೆ ಗುಣಿಸು ದೋಷದ ವರ್ಗ’ದಿಂದ ಭಾಗಿಸುವುದು. ದೋಷ 0.05 ಇಟ್ಟರೆ ಉತ್ತರ ಎಂದೂ 400 ದಾಟುವುದಿಲ್ಲ. 10,000 ಕುಟುಂಬಕ್ಕೆ 385 ಬರುತ್ತದೆ, ಒಂದು ಲಕ್ಷಕ್ಕೆ 398. ಇದನ್ನು ಬೋರ್ಡ್ ಮೇಲೆ ಹಾಕಿ ತೋರಿಸಲು ಬರಬೇಕು. ಅವರು ಅಲ್ಲಿಗೇ ಬಿಡುವುದಿಲ್ಲ. ಆ ಸೂತ್ರ ಇಡೀ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದಾಗ ಸಲ್ಲುತ್ತದೆ. ನೀವು ಮೊದಲು ಉಪಕಾಲುವೆ, ಆಮೇಲೆ ಊರು, ಆಮೇಲೆ ಕುಟುಂಬ ಅಂತ ಹಂತ ಹಂತವಾಗಿ ಆರಿಸಿದ್ದರೆ ಅದನ್ನು ಹಾಗೇ ಹೇಳಿ. ಪ್ರತಿ ಹಂತದಲ್ಲಿ ಯಾಕೆ ಅದನ್ನೇ ಆರಿಸಿದಿರಿ ಎಂಬುದಕ್ಕೆ ಒಂದೊಂದು ವಾಕ್ಯ ಇರಲಿ.

ಕೈ-ವರ್ಗ (chi-square) ಪರೀಕ್ಷೆ ಮಾಡಿದ್ದರೆ ಒಂದು ಮಾತು. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಷ್ಟಕದ ಚೌಕಗಳು ಶೇ 20ಕ್ಕಿಂತ ಜಾಸ್ತಿ ಇದ್ದರೆ ಆ ಫಲಿತಾಂಶ ನಿಲ್ಲುವುದಿಲ್ಲ ಎಂಬುದು ಸಾಮಾನ್ಯ ನಿಯಮ. ಸಾಫ್ಟ್‌ವೇರ್ ಕೋಷ್ಟಕದ ಕೆಳಗೇ ಅದನ್ನು ಬರೆದಿರುತ್ತದೆ. ಒಮ್ಮೆ ಕಣ್ಣಾಡಿಸಿ.

ಗಂಗಾವತಿ ಸವಳು ಮಣ್ಣು

ನಾನು ಕೃಷಿ ಕಡೆಯವನು, ಸವಳು ಜವಳು ಜಮೀನಿನ ಮೇಲೆ ಕೆಲಸ. ಪರೀಕ್ಷಕರ ಮೊದಲ ಪ್ರಶ್ನೆ ನ್ಯಾಯವಾದದ್ದು. ಮೇಲ್ಭಾಗದ ಊರು ನೋಡದೆ ‘ಅನ್ಯಾಯ’ ಅನ್ನುವ ಮಾತು ಬರಬಾರದು. ನಮ್ಮ ಕಡೆ ನೀರು ಜಾಸ್ತಿಯಾಗಿ ಹೊಲ ಸವಳಾಗಿ ಬಿಟ್ಟುಕೊಟ್ಟವರಿದ್ದಾರೆ. ಕೊನೆಭಾಗಕ್ಕೆ ನೀರಿಲ್ಲದ ಕಷ್ಟ, ಮೇಲ್ಭಾಗಕ್ಕೆ ನೀರು ನಿಂತ ಕಷ್ಟ. ಹೋಲಿಕೆ ಇಲ್ಲದೆ ಇದು ಅರ್ಧ ಚಿತ್ರ. ಅದು ಥೀಸಿಸ್‌ನ ಕೊರತೆ ಅಂತ ವೈವಾದಲ್ಲಿ ನೇರವಾಗಿ ಒಪ್ಪಿಕೊಳ್ಳುವುದು ಒಳ್ಳೇದು.

ಬಳ್ಳಾರಿ ಮೇಷ್ಟ್ರು

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೊರತೆ ಎಂದು ತಲೆಬಾಗುವ ಮೊದಲು ಥೀಸಿಸ್ ನಿಜವಾಗಿ ಏನು ಕೇಳಿತ್ತು ಅಂತ ನೋಡಬೇಕು. ಅವರ ಪ್ರಶ್ನೆ ‘ಕೊನೆಭಾಗದವರು ಹೇಗೆ ನಿಭಾಯಿಸುತ್ತಾರೆ’ ಅನ್ನೋದು. ಆ ಪ್ರಶ್ನೆಗೆ ಮೇಲ್ಭಾಗದ ಸಮೀಕ್ಷೆ ಬೇಕಾಗಿಲ್ಲ. ‘ನೀರು ಹಂಚಿಕೆ ಸರಿ ಇಲ್ಲ’ ಎಂಬ ತೀರ್ಮಾನಕ್ಕೆ ಬೇಕು. ಆದ್ದರಿಂದ ತೀರ್ಮಾನದ ಮಾತನ್ನು ಪ್ರಶ್ನೆಯ ಅಳತೆಗೆ ತರುವುದು ಸರಿಯಾದ ದಾರಿ. ‘ನನ್ನ ದತ್ತಾಂಶ ಕೊನೆಭಾಗದ ಬದುಕನ್ನು ತೋರಿಸುತ್ತದೆ. ಹಂಚಿಕೆ ಬಗ್ಗೆ ನಾನು ಹೇಳಿದ್ದಕ್ಕೆ ಆಧಾರ ಯೋಜನೆಯ ದಾಖಲೆಗಳು, ಸಮೀಕ್ಷೆ ಅಲ್ಲ’ ಎಂದು ಹೇಳಬಹುದು.

ಆ ಆಧಾರ ಗಟ್ಟಿಯಾಗಿಯೇ ಇದೆ. ಈ ಯೋಜನೆ ಹಾಕಿದಾಗ ಸ್ವಲ್ಪ ನೀರನ್ನು ಹೆಚ್ಚು ಜಮೀನಿಗೆ ಹಂಚುವ ಲೆಕ್ಕ ಇತ್ತು. ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗಳೇ ಮುಖ್ಯ. ಮೇಲ್ಭಾಗದಲ್ಲಿ ಭತ್ತ ಹಬ್ಬಿದ ಮೇಲೆ ಆ ಲೆಕ್ಕ ತಪ್ಪಿತು. ಮೇಲಿಂದ ಹೂಳು ಬೇರೆ. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದದ್ದು ಈಗ ಸುಮಾರು 105.79 ಟಿಎಂಸಿಗೆ ಇಳಿದಿದೆ. ಈ ಎರಡು ಅಂಕಿ ನಿಮ್ಮ ನಾಲಿಗೆ ತುದಿಯಲ್ಲಿರಲಿ.

ಗಂಗಾವತಿ ಸವಳು ಮಣ್ಣು

ಸರ್, ತೀರ್ಮಾನವನ್ನು ಪ್ರಶ್ನೆಯ ಅಳತೆಗೆ ತರಬೇಕು ಅನ್ನೋದು ಒಪ್ಪಿದೆ. ಆದರೂ ‘ಅನ್ಯಾಯ’ ಎಂಬ ಶಬ್ದ ತೆಗೆಯಲೇಬೇಕು ಅನ್ನೋದು ನನ್ನ ಮಾತು. ಇನ್ನೊಂದು, ಸಮೀಕ್ಷೆ ಮಾಡಿದ ವರ್ಷ ಯಾವುದು? 2023 ಬರದ ವರ್ಷ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಆ ಎರಡು ವರ್ಷದಲ್ಲಿ ಯಾವುದರಲ್ಲಿ ಕೇಳಿದ್ದರೂ ರೈತರ ಉತ್ತರ ಮಾಮೂಲಿ ವರ್ಷದ ಹಾಗೆ ಇರುವುದಿಲ್ಲ. ಇದನ್ನು ಕೇಳಿಯೇ ಕೇಳುತ್ತಾರೆ.

ಮಾನ್ವಿ ಸಂಶೋಧಕ

ಸಮೀಕ್ಷೆ ಮಾಡಿದ್ದು 2022ರಲ್ಲಿ ಸರ್. ಹಿಂದಿನ ಐದು ಬೆಳೆಯ ಬಗ್ಗೆ ನೆನಪಿನಿಂದ ಹೇಳಿಸಿದ್ದೇನೆ. ಮಾನ್ವಿ, ಸಿರವಾರ ಕೂಡಿಸಿ ನೋಡಿದೆ. ಪ್ರದೇಶ ಇಳಿದೇ ಇಲ್ಲ! ರಾಯಚೂರಿನವರಿಗೆ ತುಂಬಾ ಧನ್ಯವಾದ.

ರಾಯಚೂರು ಅಂಕಿಅಂಶ

ಒಳ್ಳೇದಾಯಿತು. ನೆನಪಿನಿಂದ ಹೇಳಿಸಿದ್ದಕ್ಕೂ ಪ್ರಶ್ನೆ ಬರುತ್ತದೆ. ಐದು ಬೆಳೆ ಹಿಂದಿನ ಇಳುವರಿ ರೈತರಿಗೆ ಹೇಗೆ ನೆನಪಿರುತ್ತದೆ ಅಂತಾರೆ. ಮಾರಿದ ಚೀಟಿ, ಸೊಸೈಟಿ ಪಾಸ್‌ಬುಕ್ ನೋಡಿ ತಾಳೆ ಹಾಕಿದ್ದರೆ ಅದನ್ನು ಹೇಳಿ. ಹಾಕಿಲ್ಲದಿದ್ದರೆ ಇಳುವರಿಯ ಅಂಕಿಗಿಂತ ‘ಬೆಳೆ ಬದಲಿಸಿದಿರಾ, ಇಲ್ವಾ’ ಎಂಬ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟು ಮಾತಾಡಿ. ಅದು ಯಾರೂ ಮರೆಯುವುದಿಲ್ಲ.

ಕೊಪ್ಪಳ ಶಾಸನ

ನನ್ನದು ಇತಿಹಾಸ. ವೈವಾ ಆಗಿದೆ. ವಿಷಯ ಬೇರೆ ಆದರೂ ಮಾನ್ವಿ ಅಣ್ಣನಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನನ್ನ ಎಕ್ಸ್‌ಟರ್ನಲ್ ಕೂತ ತಕ್ಷಣ ಕೇಳಿದ್ದು: ‘ಅಶೋಕನ ಹೆಸರು ಮಸ್ಕಿ ಶಾಸನದಲ್ಲಿ ಮಾತ್ರ ಇದೆ ಅಲ್ಲವೇನಮ್ಮಾ?’ ಬಹಳ ಕಡೆ ಹಾಗೇ ಬರೆದಿರುತ್ತದೆ. ಮಸ್ಕಿ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಪಕ್ಕದಲ್ಲೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳದಲ್ಲಿ ಸಿಕ್ಕ ಶಾಸನಗಳಲ್ಲೂ ಅಶೋಕ ಎಂಬ ಹೆಸರಿದೆ. ನಾನು ಅದನ್ನು ಹೇಳಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳಿಗೂ ಇವಕ್ಕೂ ಪಾಠದಲ್ಲಿ ಏನು ವ್ಯತ್ಯಾಸ ಅಂತ ವಿವರಿಸಿದೆ. ಅವರು ತಲೆಯಾಡಿಸಿ ಮುಂದೆ ಹೋದರು. ಇಂಥ ಪ್ರಶ್ನೆ ಬೇಕಂತಲೇ ಕೇಳುತ್ತಾರೆ. ಎಲ್ಲರೂ ಬರೆದಿದ್ದನ್ನು ನಾವೂ ಬರೆದೆವಾ, ನಾವೇ ನೋಡಿ ಬರೆದೆವಾ ಅಂತ ತಿಳಿಯಲು. ನಿಮ್ಮ ಥೀಸಿಸ್‌ನಲ್ಲಿ ‘ಮೊದಲ’, ‘ಏಕೈಕ’, ‘ಅತಿ ದೊಡ್ಡ’ ಅಂತ ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲೆಲ್ಲ ಗುರುತು ಹಾಕಿ ಆಧಾರ ನೋಡಿಕೊಳ್ಳಿ.

ಇನ್ನೊಂದು ಪ್ರಶ್ನೆ ಹೀಗಿತ್ತು. ಒಂದು ಊರಿನ ವೀರಗಲ್ಲಿನ ಪಾಠದಲ್ಲಿ ನಾನು ಮೂರು ಅಕ್ಷರದ ಜಾಗ ಖಾಲಿ ಬಿಟ್ಟಿದ್ದೆ. ಹಳೆಯ ಪ್ರಕಟಿತ ಪಾಠದಲ್ಲಿ ಅಲ್ಲಿ ಒಂದು ಹೆಸರು ಇತ್ತು. ‘ಅವರು ಓದಿದ್ದನ್ನು ನೀವು ಯಾಕೆ ಬಿಟ್ಟಿರಿ’ ಎಂದರು. ಆ ಕಲ್ಲು ಹನುಮಪ್ಪನ ಗುಡಿ ಮುಂದಿದೆ. ವರ್ಷ ವರ್ಷ ಸುಣ್ಣ ಬಳಿದು, ಎಣ್ಣೆ ಹಾಕಿ, ಅಕ್ಷರದ ಗುಳಿ ತುಂಬಿಹೋಗಿದೆ. ಊರವರನ್ನು ಕೇಳಿ ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದಿದ್ದೆವು. ಉಳಿದ ಅಕ್ಷರ ಬೆಳ್ಳಗೆ ಎದ್ದು ಬಂದವು. ಆ ಮೂರು ಜಾಗದಲ್ಲಿ ಬರೀ ಕಪ್ಪು ಮಸಿ. ಸಂಜೆಯ ಓರೆ ಬಿಸಿಲಲ್ಲಿ ತೆಗೆದ ಫೋಟೋದಲ್ಲೂ ಏನೂ ಕಾಣಲಿಲ್ಲ. ಪಡಿಯಚ್ಚನ್ನೂ ಫೋಟೋವನ್ನೂ ನಾನು ಚೀಲದಲ್ಲಿ ಒಯ್ದಿದ್ದೆ. ಟೇಬಲ್ ಮೇಲೆ ಹಾಸಿದೆ. ಎಕ್ಸ್‌ಟರ್ನಲ್ ಕನ್ನಡಕ ಮೇಲೆತ್ತಿ ಬಗ್ಗಿ ನೋಡಿದರು. ‘ಸರಿ, ಕಾಣದ್ದನ್ನು ಕಾಣದು ಎಂದು ಬರೆದಿದ್ದೀರಿ’ ಎಂದರು.

ಅಣ್ಣಾ, ನೀವೂ ನಿಮ್ಮ ಭರ್ತಿ ಮಾಡಿದ ಪ್ರಶ್ನಾವಳಿಗಳ ಒಂದು ಕಟ್ಟು, ಕ್ಷೇತ್ರಕಾರ್ಯದ ಡೈರಿ, ಕಾಲುವೆಯ ನಕ್ಷೆ ಒಯ್ಯಿರಿ. ಕೇಳದಿದ್ದರೆ ಚೀಲದಲ್ಲೇ ಇರಲಿ. ಡೈರಿಯಲ್ಲಿ ಮಾತಾಡಿಸಿದವರ ಹೆಸರು ಇದ್ದರೆ ಎಲ್ಲರ ಮುಂದೆ ಓದಬೇಡಿ. ಸಾಲದ ವಿಷಯ ಹೇಳಿಕೊಂಡವರು ಅವರು.

ಬಳ್ಳಾರಿ ಮೇಷ್ಟ್ರು

ಶಾಸನದ ತಂಗಿ ಬಹಳ ಚಲೋ ಬರೆದಿದ್ದಾರೆ. ಆ ಕೊನೆಯ ಮಾತು ಎಲ್ಲರೂ ಗಮನಿಸಿ.

ದಾಖಲೆಗಳ ಬಗ್ಗೆ ನನ್ನದೊಂದು ಸೇರಿಕೆ. ಅಣೆಕಟ್ಟು ಕಟ್ಟುವಾಗ ಎಡದಂಡೆ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸಿನದು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ರಾಯಚೂರು 1956ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಕಾಗದಪತ್ರ ಒಂದು ಪಾಲು ಹೈದರಾಬಾದಿನಲ್ಲಿ, ಒಂದು ಪಾಲು ಚೆನ್ನೈನಲ್ಲಿ. ಹಿನ್ನೆಲೆ ಅಧ್ಯಾಯದಲ್ಲಿ ಯೋಜನೆಯ ಇತಿಹಾಸ ಬರೆದಿದ್ದರೆ ‘ಮೂಲ ದಾಖಲೆ ನೋಡಿದಿರಾ’ ಎಂದು ಕೇಳಬಹುದು. ನಿಮ್ಮದು ಅರ್ಥಶಾಸ್ತ್ರ, ನೋಡದಿದ್ದರೂ ನಡೆಯುತ್ತದೆ. ಆದರೆ ಅವು ಎಲ್ಲಿವೆ ಅಂತ ಗೊತ್ತಿರಬೇಕು. ‘ಎಡದಂಡೆ ಕಾಲುವೆ ಯಾರ ಕೈಯಲ್ಲಿದೆ’ ಅನ್ನೋದೂ ಬರಬಹುದು. ಜಲಾಶಯ ತುಂಗಭದ್ರಾ ಮಂಡಳಿಯದು. ಎಡದಂಡೆ ಕಾಲುವೆ ಕರ್ನಾಟಕದ್ದು. ಇದನ್ನು ಕಲಸಿ ಹೇಳಿದರೆ ಇಡೀ ಥೀಸಿಸ್ ಮೇಲೆ ಅನುಮಾನ ಬರುತ್ತದೆ.

ಸಿರುಗುಪ್ಪ ಅಕ್ಕ

ಇಂಗ್ಲಿಷ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮ, ಥೀಸಿಸ್ ಮಾತ್ರ ಇಂಗ್ಲಿಷ್. ಮಂಡನೆಯನ್ನು ಇಂಗ್ಲಿಷ್‌ನಲ್ಲಿ ಮಾಡಿದೆ. ಪ್ರಶ್ನೋತ್ತರ ಶುರುವಾಗುವ ಮೊದಲೇ ‘ಸರ್, ವಿವರವಾಗಿ ಹೇಳಬೇಕಾದ ಕಡೆ ಕನ್ನಡದಲ್ಲಿ ಹೇಳಲಾ’ ಎಂದು ಕೇಳಿದೆ. ಆಗಲಿ ಎಂದರು. ಎಕ್ಸ್‌ಟರ್ನಲ್ ಕನ್ನಡ ಬಲ್ಲವರಾದರೆ ಗೈಡ್ ಮೂಲಕ ಮುಂಚೆಯೇ ಕೇಳಿಸಿ. ಹೊರ ರಾಜ್ಯದವರಾದರೆ ಬೇರೆ ತಯಾರಿ ಬೇಕು. ಖಂಡಿತ ಬರುವ ಪ್ರಶ್ನೆಗಳಿಗೆ ಇಂಗ್ಲಿಷ್‌ನಲ್ಲಿ ಸಣ್ಣ ಸಣ್ಣ ವಾಕ್ಯ ಮಾಡಿ, ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು. ನಾನು ಮಗು ಮಲಗಿದ ಮೇಲೆ ಮಾಳಿಗೆ ಮೇಲೆ ಹೋಗಿ ಗಟ್ಟಿಯಾಗಿ ಹೇಳುತ್ತಿದ್ದೆ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ.

ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಮಾಹಿತಿ. ಪಿಎಚ್‌ಡಿ ಅವಧಿಯಲ್ಲಿ ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಯುಜಿಸಿ ನಿಯಮದಲ್ಲೇ ಇದೆ. ಗರಿಷ್ಠ ಅವಧಿಯಲ್ಲೂ ಎರಡು ವರ್ಷ ಸಡಿಲಿಕೆ ಇದೆ. ಕೇಳಲು ಹಿಂಜರಿಯಬೇಡಿ.

ಇನ್ನೊಂದು ವಿಷಯ ಮನಸ್ಸಿಗೆ ನೋವಾದದ್ದು. ವೈವಾ ಹತ್ತಿರ ಬಂದಾಗ ಶಾಲು, ಹಾರ, ಫಲತಾಂಬೂಲ, ಹೋಟೆಲ್ ಊಟ, ಕಾರು ಎಲ್ಲ ನೀನೇ ನೋಡಿಕೊಳ್ಳಬೇಕು ಎಂದು ವಿಭಾಗದಲ್ಲಿ ಸೂಚನೆ ಬಂತು. ಆಗ ನನಗೆ ಫೆಲೋಶಿಪ್ ಇರಲಿಲ್ಲ. ಸಂಘದ ಸಾಲ ತೆಗೆದು ಮಾಡಿದೆ. ಇದು ಪದ್ಧತಿ ಆಗಿಬಿಟ್ಟಿದೆ. ಹೊಸಬರಿಗೆ ಇದು ಹೊರೆ ಆಗಬಾರದು.

ಬಳ್ಳಾರಿ ಮೇಷ್ಟ್ರು

ಅಕ್ಕಾ, ಓದಿ ಬೇಜಾರಾಯಿತು. ಪರೀಕ್ಷಕರ ಪ್ರಯಾಣ ಭತ್ಯೆ, ದಿನಭತ್ಯೆ, ಸಂಭಾವನೆ ಕೊಡುವುದು ವಿಶ್ವವಿದ್ಯಾಲಯದ ಕೆಲಸ, ವಿದ್ಯಾರ್ಥಿಯದ್ದಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗಿನ ಜಾವ ಬಂದಿಳಿದವರನ್ನು ಸ್ಟೇಷನ್‌ನಿಂದ ಕರೆತರುವುದು ಸೌಜನ್ಯ. ಒಗ್ಗರಣಿ ಮಿರ್ಚಿ, ಚಹಾ ಎಲ್ಲರೂ ಕೂಡಿ ತಿನ್ನುವುದು ಸಂತೋಷ. ಅದರಾಚೆ ಏನೂ ಕಡ್ಡಾಯ ಅಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಶಾಲು, ಹಾರ ತರಬೇಡಿ ಎಂದು ಬರೆದೇ ಕೊಡುತ್ತಿದ್ದೆ. ಗೈಡ್‌ಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ನೀವೇ ಮೊದಲು ಬೇಡ ಎನ್ನಿ. ವಿದ್ಯಾರ್ಥಿ ಬಾಯಲ್ಲಿ ಅದು ಬರಲಾರದು.

ಹೊಸಪೇಟೆ ಕಂಪ್ಯೂಟರ್

ಪಿಪಿಟಿ ಬಗ್ಗೆ ನನ್ನ ಪಾಲು. ಹಲವು ವಿಭಾಗಗಳ ಕಂಪ್ಯೂಟರ್ ಹಳೆಯವು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಸ್ಲೈಡ್ ಮಾಡಿದರೆ ಅಲ್ಲಿ ತೆರೆದಾಗ ಅಕ್ಷರ ಎಲ್ಲ ಗೀಚಿದ ಹಾಗೆ ಕಾಣುತ್ತದೆ. ಕನ್ನಡ ಇದ್ದರೆ ಯೂನಿಕೋಡ್‌ನಲ್ಲೇ ಮಾಡಿ, ಮೇಲಾಗಿ ಪಿಡಿಎಫ್ ಆಗಿಯೂ ಉಳಿಸಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಒಂದು, ಮೇಲ್‌ನಲ್ಲಿ ಒಂದು. ಹಿಂದಿನ ದಿನ ಅದೇ ಕೋಣೆಯಲ್ಲಿ ಅದೇ ಪ್ರೊಜೆಕ್ಟರ್‌ಗೆ ಹಾಕಿ ನೋಡಿ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಇದ್ದೇ ಇದೆ. ಸ್ಲೈಡ್‌ಗಳ ಪ್ರಿಂಟ್ ಮಂಡಳಿಯ ಎಲ್ಲರಿಗೂ ಒಂದೊಂದು ಇರಲಿ.

20 ನಿಮಿಷ ಕೊಟ್ಟರೆ 15ರಿಂದ 18 ಸ್ಲೈಡ್ ಸಾಕು. ಪೀಠಿಕೆಗೆ ಎರಡು, ವಿಧಾನಕ್ಕೆ ಮೂರು, ಉಳಿದದ್ದು ಫಲಿತಾಂಶಕ್ಕೆ. ಬಹಳ ಜನ ಸಾಹಿತ್ಯ ಸಮೀಕ್ಷೆಯಲ್ಲೇ ಹತ್ತು ನಿಮಿಷ ಕಳೆದು, ತಮ್ಮ ಸ್ವಂತ ಕೆಲಸ ಬಂದಾಗ ‘ಸಮಯ ಆಯ್ತು’ ಅನ್ನಿಸಿಕೊಳ್ಳುತ್ತಾರೆ. ಇಡೀ ಕೋಷ್ಟಕ ಸ್ಲೈಡಿಗೆ ಅಂಟಿಸಬೇಡಿ. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ. ಬೇಕಾದ ಎರಡು ಸಾಲು ದೊಡ್ಡದಾಗಿ ಹಾಕಿ.

ಗಂಗಾವತಿ ಸವಳು ಮಣ್ಣು

ಸಲಹೆಗಳ ಅಧ್ಯಾಯದ ಬಗ್ಗೆ ಯಾರೂ ಮುಟ್ಟಿಲ್ಲ. ‘ಸರ್ಕಾರ ಗಮನ ಹರಿಸಬೇಕು’, ‘ರೈತರಲ್ಲಿ ಜಾಗೃತಿ ಮೂಡಿಸಬೇಕು’ ಅಂತ ಬರೆದಿದ್ದರೆ ಪರೀಕ್ಷಕರು ಸುಮ್ನೆ ಇರುವುದಿಲ್ಲ. ಯಾರು, ಯಾವಾಗ, ಏನು ಮಾಡಬೇಕು ಅನ್ನೋದು ಬೇಕು. ನೀರು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಕೊನೆಭಾಗಕ್ಕೆ ನೀರು ಬಂತೋ ಇಲ್ಲವೋ ಎಂದು ಎಲ್ಲರೂ ನೋಡುವುದು 69ನೇ ಮೈಲು, 104ನೇ ಮೈಲಿನ ಗೇಜ್. ಆ ಗೇಜ್ ಅಳತೆಯನ್ನು ದಿನಾ ಊರವರಿಗೆ ಕಾಣುವ ಹಾಗೆ ಹಾಕಬೇಕು ಎಂದರೆ ಅದೊಂದು ಸಲಹೆ. ಬಿತ್ತನೆಗೆ ಮೊದಲೇ ಎಷ್ಟು ದಿನ ನೀರು ಸಿಗುತ್ತದೆ ಎಂದು ತಿಳಿಸಬೇಕು ಎಂದರೆ ಅದೊಂದು ಸಲಹೆ. ನೀರು ಬಳಕೆದಾರರ ಸಂಘಗಳು ನಿಮ್ಮ ಊರುಗಳಲ್ಲಿ ಕೆಲಸ ಮಾಡುತ್ತಿವೆಯಾ, ನಿಮ್ಮ ದತ್ತಾಂಶ ಏನು ಹೇಳುತ್ತದೆ? ಹೂಳಿನಿಂದ ಕಳೆದುಹೋದ ಸಂಗ್ರಹಕ್ಕೆ ಬದಲಾಗಿ ಹೇಳುತ್ತಿರುವ ನವಲಿ ಸಮತೋಲನ ಜಲಾಶಯದ ಪ್ರಸ್ತಾವದ ಬಗ್ಗೆಯೂ ಕೇಳಬಹುದು. ಅದರ ಪರವೋ ವಿರುದ್ಧವೋ ಹೇಳುವ ಮೊದಲು, ನಿಮ್ಮ ಥೀಸಿಸ್‌ನ ಯಾವ ಫಲಿತಾಂಶ ಅದಕ್ಕೆ ಸಂಬಂಧಿಸಿದೆ ಅಂತ ತೋರಿಸಿ.

ಸಿರುಗುಪ್ಪ ಅಕ್ಕ

ಮಾಕ್ ವೈವಾ ಮಾಡಿಸಿಕೊಳ್ಳಿ ತಮ್ಮಾ. ನಿಮ್ಮ ವಿಷಯ ಗೊತ್ತಿಲ್ಲದ ಗೆಳೆಯರನ್ನು ಕೂರಿಸಿ. ಅವರು ಕೇಳುವ ಸರಳ ಪ್ರಶ್ನೆಗಳೇ ಕಷ್ಟ. ‘ಇದರಿಂದ ಹೊಸದಾಗಿ ಏನು ತಿಳಿಯಿತು’ ಎಂದು ಕೇಳಿದರೆ ಎರಡು ವಾಕ್ಯದಲ್ಲಿ ಹೇಳಲು ಬರಬೇಕು. ಆಗುವುದಾದರೆ ಮುಂಚೆ ನಡೆಯುವ ಬೇರೆಯವರ ವೈವಾಗೆ ಹೋಗಿ ಹಿಂದೆ ಕೂತು ನೋಡಿ ಬನ್ನಿ.

ಮಾನ್ವಿ ಸಂಶೋಧಕ

ಎಲ್ಲರಿಗೂ ನಮಸ್ಕಾರ. ವೈವಾ ಆಯಿತು. ಪದವಿಗೆ ಶಿಫಾರಸು ಮಾಡಿದ್ದಾರೆ. ಏನೇನು ಕೇಳಿದರು ಅಂತ ಮುಂದಿನವರಿಗಾಗಿ ಬರೆಯುತ್ತೇನೆ.

ಎಕ್ಸ್‌ಟರ್ನಲ್ ಮೊದಲು ಕೇಳಿದ್ದು ನನ್ನ ಉದ್ದೇಶಗಳನ್ನು ನೋಡದೆ ಹೇಳಿ ಎಂದು. ಆಮೇಲೆ 400. ಸೂತ್ರ ಬೋರ್ಡ್ ಮೇಲೆ ಬರೆದೆ. ‘ಊರುಗಳನ್ನು ಹೇಗೆ ಆರಿಸಿದಿರಿ’ ಎಂದಾಗ ನಕ್ಷೆ ತೆಗೆದು ಉಪಕಾಲುವೆ ತೋರಿಸಿದೆ. ಅಲ್ಲಿಂದ ಮಾತು ಕಾಲುವೆಯ ಕಡೆ ತಿರುಗಿತು. ರಾತ್ರಿ ಯಾರು ತೂಬು ಕಾಯುತ್ತಾರೆ, ನೀರು ಬಂದಾಗ ಊರಲ್ಲಿ ಹೇಗೆ ಗೊತ್ತಾಗುತ್ತದೆ, ಭೂಮಿ ಗುತ್ತಿಗೆಗೆ ಹಾಕಿಕೊಂಡವರ ಸರದಿ ಹೇಗೆ ಅಂತ ಕೇಳುತ್ತಾ ಹೋದರು. ಅದನ್ನೆಲ್ಲ ನಾನು ಕನ್ನಡದಲ್ಲೇ ಹೇಳಿದೆ. ಮಾನ್ವಿ, ಸಿರವಾರ ಕೂಡಿಸಿದ ಹಾಳೆ ಕೊಟ್ಟಾಗ ಅದನ್ನು ಥೀಸಿಸ್‌ನಲ್ಲೇ ಸೇರಿಸಿ ಎಂದರು. ಗಂಗಾವತಿ ಸರ್ ಹೇಳಿದ ‘ಅನ್ಯಾಯ’ ಶಬ್ದವನ್ನು ನಾನೇ ಮುಂದಾಗಿ ‘ನೀರಿನ ಲಭ್ಯತೆಯ ಅನಿಶ್ಚಿತತೆ’ ಎಂದು ಬದಲಿಸುತ್ತೇನೆ ಎಂದೆ. ಒಪ್ಪಿದರು. ಹೋಲಿಕೆಯ ಪ್ರಶ್ನೆಗೆ ಮೇಷ್ಟ್ರು ಹೇಳಿದ ದಾರಿಯಲ್ಲೇ ಉತ್ತರ ಕೊಟ್ಟೆ. ‘ಮೇಲ್ಭಾಗದ ಅಧ್ಯಯನ ಮುಂದೆ ನೀವೇ ಮಾಡಿ’ ಎಂದರು. ಮಾಡಬೇಕೆಂದು ಮನಸ್ಸಿದೆ. ನವಲಿ ಬಗ್ಗೆ ಸಭೆಯಿಂದ ಒಬ್ಬ ವಿದ್ಯಾರ್ಥಿ ಕೇಳಿದ. ಅದಕ್ಕೆ ನನ್ನ ದತ್ತಾಂಶ ಉತ್ತರ ಕೊಡುವುದಿಲ್ಲ ಎಂದು ಹೇಳಿ, ಯಾಕೆ ಕೊಡುವುದಿಲ್ಲ ಅಂತ ವಿವರಿಸಿದೆ.

ಈಗ ಒಂದು ಸಂಶಯ. ತಿದ್ದುಪಡಿ ಮಾಡಿದ ಪ್ರತಿಯನ್ನೇ ಶೋಧಗಂಗಾಗೆ (ಥೀಸಿಸ್‌ಗಳ ಆನ್‌ಲೈನ್ ಭಂಡಾರಕ್ಕೆ) ಕೊಡಬೇಕಾ, ಮೊದಲು ಸಲ್ಲಿಸಿದ್ದನ್ನಾ?

ಬಳ್ಳಾರಿ ಮೇಷ್ಟ್ರು

ಅಭಿನಂದನೆ ಡಾಕ್ಟರೇ, ಬಹಳ ಸಂತೋಷ ಆಯಿತು. ತಿದ್ದಿದ ಪ್ರತಿಯನ್ನೇ ಕೊಡಬೇಕು. ಯಾವ ಪುಟದಲ್ಲಿ ಏನು ತಿದ್ದಿದ್ದೀರಿ ಅಂತ ಒಂದು ಪಟ್ಟಿ ಮಾಡಿ ಗೈಡ್ ಸಹಿ ಹಾಕಿಸಿ, ಹಾಗೆ ಮಾಡಿದರೆ ಕಚೇರಿಯಲ್ಲಿ ಓಡಾಟ ಕಡಿಮೆ. ಹೊಸ ಕೋಷ್ಟಕ ಸೇರಿಸಿದ ಮೇಲೆ ಪುಟ ಸಂಖ್ಯೆ, ಕೋಷ್ಟಕಗಳ ಪಟ್ಟಿ ಬದಲಾಗುತ್ತವೆ, ಬೈಂಡಿಂಗ್‌ಗೆ ಕೊಡುವ ಮೊದಲು ನೋಡಿಕೊಳ್ಳಿ. ಯುಜಿಸಿ ನಿಯಮದ ಪ್ರಕಾರ ಪದವಿ ನೀಡಲಾಗಿದೆ ಎಂಬ ಪ್ರಮಾಣಪತ್ರವನ್ನು ಪ್ರಾವಿಷನಲ್ (ತಾತ್ಕಾಲಿಕ) ಪದವಿ ಪತ್ರದ ಜೊತೆಗೇ ಕೇಳಿ ಪಡೆಯಿರಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಅದನ್ನು ಕೇಳುತ್ತಾರೆ.